ಮೇಕ್ ಇನ್‌ಸ್ಟಾಲ್ ಮಾಡಿದ್ದನ್ನು ಪೂರ್ತಿ ತೆಗೆಯೋದು ಹೇಗೆ?

ಉಬುಂಟು 22.04ರಿಂದ 24.04ಕ್ಕೆ ಏರಿದ ಮಾರನೆಯ ದಿನದ ಮಾತು. ನನಗೆ ಟೆಸರಾಕ್ಟ್ ಅನ್ನೋ ಒಸಿಆರ್ ತಂತ್ರಾಂಶ ಆಗಾಗ ಬೇಕಾಗುತ್ತದೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟ ಕೊಟ್ಟರೆ ಅದರಲ್ಲಿರೋ ಅಕ್ಷರಗಳನ್ನು ಎತ್ತಿ ಕೊಡುತ್ತದೆ. 24.04ರ ಜೊತೆ ಬರುವ ಟೆಸರಾಕ್ಟ್ 5.3.4. ಅದೇ ಇನ್‌ಸ್ಟಾಲ್ ಆಗಿದೆ ಅಂತ ಉಬುಂಟುವಿನಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಆಪ್ಟ್ ಕೂಡ ಹೇಳಿತು. ಆದರೆ ಟರ್ಮಿನಲ್‌ನಲ್ಲಿ ‘ಟೆಸರಾಕ್ಟ್ --ವರ್ಷನ್’ ಅಂತ ಕೇಳಿದರೆ ಬಂದ ಉತ್ತರ 5.3.0.

ಇದು ಎಲ್ಲಿಂದ ಬಂತು ಅಂತ ತಕ್ಷಣ ಹೊಳೆಯಿತು. 22.04ರಲ್ಲಿ ಸಿಗುತ್ತಿದ್ದದ್ದು 4.1.1. ನನಗೆ 5 ಬೇಕಿತ್ತು. ಸೋರ್ಸ್ ಕೋಡ್ ಇಳಿಸಿಕೊಂಡು ನಾನೇ ಕಂಪೈಲ್ ಮಾಡಿ ‘ಮೇಕ್ ಇನ್‌ಸ್ಟಾಲ್’ ಅನ್ನೋ ಕಮಾಂಡಿನಿಂದ ಹಾಕಿಕೊಂಡಿದ್ದೆ. ಅದು ಇನ್ನೂ ಅಲ್ಲೇ ಕೂತಿದೆ. ಅಳಿಸಿದರಾಯ್ತು ಬಿಡು ಅಂತ /ಯುಎಸ್‌ಆರ್/ಲೋಕಲ್/ಬಿನ್ ಒಳಗಿದ್ದ ಟೆಸರಾಕ್ಟ್ ಫೈಲನ್ನು ಅಳಿಸಿದೆ. ಮತ್ತೆ ಕೇಳಿದೆ. ‘/ಯುಎಸ್‌ಆರ್/ಲೋಕಲ್/ಬಿನ್/ಟೆಸರಾಕ್ಟ್: ಅಂಥ ಫೈಲ್ ಇಲ್ಲ’ ಅಂತ, ಟರ್ಮಿನಲ್‌ನಲ್ಲಿ ಕೊಟ್ಟ ಕಮಾಂಡ್‌ಗಳನ್ನು ಓಡಿಸುವ ಬ್ಯಾಶ್ ಗೊಣಗಿತು. ಇಲ್ಲ ಅಂತ ನನಗೂ ಗೊತ್ತು, ಈಗಷ್ಟೇ ಅಳಿಸಿದವನು ನಾನೇ. /ಯುಎಸ್‌ಆರ್/ಬಿನ್ ಒಳಗೆ ಆಪ್ಟ್ ಹಾಕಿದ ಇನ್ನೊಂದು ಇದೆಯಲ್ಲ, ಅದನ್ನು ಓಡಿಸಬಾರದೇ? ಹೊಸ ಟರ್ಮಿನಲ್ ತೆರೆದೆ. ಈ ಸಲ ಓಡಿತು. ಉತ್ತರ ಮಾತ್ರ ಮತ್ತದೇ 5.3.0.

ಈಗ ಓಡುತ್ತಿರೋದು ಆಪ್ಟ್ ಹಾಕಿದ ಪ್ರೋಗ್ರಾಮ್. ಅದು ತನ್ನನ್ನು ಹಳೆಯದು ಅಂತ ಯಾಕೆ ಹೇಳಿಕೊಳ್ಳುತ್ತಿದೆ?

ಇದಕ್ಕೆ ಉತ್ತರ ಸಿಗಬೇಕಾದರೆ ಇನ್‌ಸ್ಟಾಲ್ ಅಂದರೆ ನಿಜವಾಗಿ ಏನಾಗುತ್ತದೆ ಅಂತ ನೋಡಬೇಕು. ಸೋರ್ಸ್‌ನಿಂದ ಹಾಕುವವರಿಗೆಲ್ಲ ಬಾಯಿಪಾಠ ಆಗಿರುವ ಮೂರು ಸಾಲು ಇವೆ: ಕಾನ್ಫಿಗರ್, ಮೇಕ್, ಸುಡೊ ಮೇಕ್ ಇನ್‌ಸ್ಟಾಲ್. ಸುಡೊ ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ. ಮೊದಲನೆಯದು ನಿಮ್ಮ ಯಂತ್ರದಲ್ಲಿ ಏನೇನಿದೆ ಅಂತ ತಡಕಾಡುತ್ತದೆ. ಎರಡನೆಯದು ಕೋಡನ್ನು ಓಡಿಸಬಲ್ಲ ಪ್ರೋಗ್ರಾಮ್ ಮಾಡುತ್ತದೆ. ಮೂರನೆಯದರ ಹೆಸರು ದೊಡ್ಡದು, ಕೆಲಸ ಚಿಕ್ಕದು. ಅದು ಬರೀ ಫೈಲ್ ಕಾಪಿ ಮಾಡುತ್ತದೆ. ಪ್ರೋಗ್ರಾಮನ್ನು ಬಿನ್ ಫೋಲ್ಡರಿಗೆ, ಲೈಬ್ರರಿಯನ್ನು (ಪ್ರೋಗ್ರಾಮ್‌ಗಳು ಓಡುವಾಗ ಎರವಲು ಪಡೆಯುವ ಕೋಡ್) ಲಿಬ್‌ಗೆ, ಹೆಡರ್ ಫೈಲುಗಳನ್ನು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳುವವು) ಇನ್‌ಕ್ಲೂಡ್‌ಗೆ, ಉಳಿದ ಸಾಮಾನುಗಳನ್ನು ಶೇರ್‌ಗೆ. ನೀವು ಬೇರೆ ಹೇಳದಿದ್ದರೆ ಇವೆಲ್ಲ /ಯುಎಸ್‌ಆರ್/ಲೋಕಲ್ ಅಡಿಯಲ್ಲಿ ಹಂಚಿಹೋಗುತ್ತವೆ. ಇನ್ನು ಮುಂದೆ ಇದನ್ನು ಸುಮ್ನೆ ‘ಲೋಕಲ್’ ಅಂತ ಕರೆಯುತ್ತೇನೆ.

ಕಾಪಿ ಮುಗಿದ ಮೇಲೆ ಏನು ಎಲ್ಲಿಗೆ ಹೋಯಿತು ಅಂತ ಸಿಸ್ಟಮ್‌ನಲ್ಲಿ ಯಾರೂ ಬರೆದಿಡುವುದಿಲ್ಲ. ಎಡವಟ್ಟು ಶುರುವಾಗೋದೇ ಇಲ್ಲಿ.

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಅದು ಸುಮ್ನೆ ಚಂದಕ್ಕಲ್ಲ. ಮದುವೆ ಮನೆಯಲ್ಲಿ ಹತ್ತು ಮನೆಯ ಪಾತ್ರೆ ಒಟ್ಟಿಗೆ ಸೇರುತ್ತವೆ. ಆಮೇಲೆ ಯಾರದು ಯಾವುದು ಅಂತ ಬೇರೆ ಮಾಡೋಕೆ ಆ ಹೆಸರೇ ಬೇಕು. ಉಬುಂಟು ಮತ್ತು ಅದರ ಮೂಲವಾದ ಡೆಬಿಯನ್‌ಗಳಲ್ಲಿ ಈ ಹೆಸರು ಬರೆಯೋ ಕೆಲಸ ಆಪ್ಟ್‌ನ ಅಡಿಯಲ್ಲಿ ದುಡಿಯುವ ಡಿಪಿಕೆಜಿಯದು. ಪ್ರತಿ ಪ್ಯಾಕೇಜಿಗೂ ಒಂದು ಪಟ್ಟಿ ಇಡುತ್ತದೆ, /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗೆ. ತೆಗೆಯಿರಿ ಅಂದರೆ ಆ ಪಟ್ಟಿ ಹಿಡಿದು ಒಂದೊಂದಾಗಿ ತೆಗೆಯುತ್ತದೆ. ಫೆಡೋರಾದಲ್ಲಿ ಇದೇ ಕೆಲಸ ಆರ್‌ಪಿಎಂನದು. ಮೇಕ್ ಇನ್‌ಸ್ಟಾಲ್ ತಂದು ಸುರಿಯೋದು ಹೆಸರಿಲ್ಲದ ಪಾತ್ರೆಗಳನ್ನು. ‘ಆಪ್ಟ್ ರಿಮೂವ್ ಟೆಸರಾಕ್ಟ್-ಒಸಿಆರ್’ ಅಂದರೆ ಆಪ್ಟ್ ತನ್ನ ಪಟ್ಟಿಯಲ್ಲಿ ಇರೋದನ್ನು ಮಾತ್ರ ತೆಗೆಯುತ್ತದೆ. ನೀವು ತಂದಿಟ್ಟದ್ದರ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಬಾರದು ಕೂಡ. ಲೋಕಲ್ ಇರೋದೇ ಮನೆಯ ಯಜಮಾನನ ಸಾಮಾನಿಗೆ, ವಿತರಣೆಯ ಪ್ಯಾಕೇಜುಗಳು ಅಲ್ಲಿ ತಮ್ಮ ಫೈಲ್ ಇಡುವಂತಿಲ್ಲ ಅನ್ನೋದು ಡೆಬಿಯನ್ ನಿಯಮ. ಹಾಗಾಗಿ ಉಬುಂಟು 22ರಿಂದ 24ಕ್ಕೆ ಏರಿದರೂ ಅಲ್ಲಿದ್ದದ್ದು ಹಾಗೇ ಉಳಿಯಿತು.

ಈಗ ನನ್ನ ಒಗಟಿಗೆ ಬರೋಣ. ‘ಟೆಸರಾಕ್ಟ್’ ಅನ್ನೋ ಪ್ರೋಗ್ರಾಮ್ ನಿಜಕ್ಕೂ ಚಿಕ್ಕದು. ಅಕ್ಷರ ಗುರುತಿಸುವ ಕೆಲಸವೆಲ್ಲ ಲಿಬ್‌ಟೆಸರಾಕ್ಟ್ ಅನ್ನೋ ಲೈಬ್ರರಿಯಲ್ಲಿದೆ. ಪ್ರೋಗ್ರಾಮ್ ಓಡುವಾಗ ‘ನನಗೆ ಲಿಬ್‌ಟೆಸರಾಕ್ಟ್.ಎಸ್‌ಒ.5 ಬೇಕು’ ಅಂತ ಕೇಳುತ್ತದೆ. 5.3.0 ಇರಲಿ 5.3.4 ಇರಲಿ, ಕೇಳುವ ಹೆಸರು ಇದೇ. ಅದನ್ನು ಹುಡುಕಿ ಕೊಡುವ ಲೋಡರ್‌ಗೆ ಒಂದು ಕ್ರಮ ಇದೆ. ಉಬುಂಟುವಿನಲ್ಲಿ ಆ ಕ್ರಮದಲ್ಲಿ ಲೋಕಲ್‌ನ ಲಿಬ್ ಮೊದಲು ಬರುತ್ತದೆ. ನಾನು ಬಿನ್‌ನಲ್ಲಿದ್ದ ಒಂದು ಫೈಲ್ ಅಳಿಸಿ ಕೈ ಝಾಡಿಸಿದ್ದೆ. ಲೈಬ್ರರಿ ಅಲ್ಲೇ ಇತ್ತು. ಆಪ್ಟ್ ತಂದ ಹೊಸ ಪ್ರೋಗ್ರಾಮ್ ನನ್ನ ಹಳೆಯ ಲೈಬ್ರರಿಯನ್ನು ಎತ್ತಿಕೊಂಡು ಓಡುತ್ತಿತ್ತು. ಆವೃತ್ತಿ ಸಂಖ್ಯೆ ಹೇಳೋದೂ ಲೈಬ್ರರಿಯೇ. ಅದಕ್ಕೇ 5.3.0.

‘ಎಲ್‌ಡಿಡಿ /ಯುಎಸ್‌ಆರ್/ಬಿನ್/ಟೆಸರಾಕ್ಟ್’ ಅಂತ ಕೊಟ್ಟೆ. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಅಂತ ಅದು ತೋರಿಸುತ್ತದೆ. ಲಿಬ್‌ಟೆಸರಾಕ್ಟ್ ಎದುರಿಗೆ ಲೋಕಲ್‌ನ ವಿಳಾಸ ಇತ್ತು. ನನ್ನ ಅದೃಷ್ಟಕ್ಕೆ ಎರಡು ಆವೃತ್ತಿಗಳೂ ಹತ್ತಿರದವು, ಹಾಗಾಗಿ ಹೇಗೋ ಹೊಂದಿಕೊಂಡು ಓಡಿತು. ಅಂತರ ಜಾಸ್ತಿ ಇದ್ದರೆ ‘ಸಿಂಬಲ್ ಲುಕಪ್ ಎರರ್’ ಅಂತ ಬಿದ್ದುಹೋಗುತ್ತದೆ. ಒಂದು ಲೆಕ್ಕದಲ್ಲಿ ಹಾಗೆ ಬೀಳೋದೇ ವಾಸಿ, ತಪ್ಪು ಕಣ್ಣಿಗಾದರೂ ಕಾಣುತ್ತದೆ. ಸದ್ದಿಲ್ಲದೆ ಓಡಿದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಆ ‘ಅಂಥ ಫೈಲ್ ಇಲ್ಲ’ ಅನ್ನೋ ಗೊಣಗಾಟದ ವಿಷಯ ಬೇರೆ. ಒಂದು ಕಮಾಂಡ್ ಎಲ್ಲಿ ಸಿಕ್ಕಿತು ಅನ್ನೋದನ್ನು ಬ್ಯಾಶ್ ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಹುಡುಕುವ ಕಷ್ಟ ಬೇಡ ಅಂತ. ಫೈಲ್ ಹೋದರೂ ನೆನಪು ಹೋಗಿರುವುದಿಲ್ಲ. ‘ಹ್ಯಾಶ್ -ಆರ್’ ಅಂದರೆ ಮರೆಯುತ್ತದೆ. ಹೊಸ ಟರ್ಮಿನಲ್ ತೆರೆದರೂ ಸರಿ. ಒಂದೇ ಹೆಸರಿನ ಪ್ರೋಗ್ರಾಮ್‌ಗಳು ಎಷ್ಟಿವೆ ಅಂತ ನೋಡೋಕೆ ‘ಟೈಪ್ -ಎ ಟೆಸರಾಕ್ಟ್’ ಸಾಕು, ಸಿಕ್ಕಿದ್ದನ್ನೆಲ್ಲ ಸಾಲಾಗಿ ಹೇಳುತ್ತದೆ.

ಸರಿ, ಪೂರ್ತಿ ತೆಗೆಯೋದು ಹೇಗೆ? ಕಂಪೈಲ್ ಮಾಡಿದ ಫೋಲ್ಡರ್ ಇನ್ನೂ ಇದ್ದರೆ ಅರ್ಧ ಗೆದ್ದ ಹಾಗೆ. ಅದರೊಳಗೆ ಹೋಗಿ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಅನ್ನಿ. ಅನ್‌ಇನ್‌ಸ್ಟಾಲ್ ಕೂಡ ಇರಬೇಕು ಅಂತ ಗ್ನೂ ಯೋಜನೆಯ ನಿಯಮಾವಳಿಯೇ ಹೇಳುತ್ತದೆ. ಮೇಕ್‌ಗೆ ಬೇಕಾದ ಸೂಚನೆಗಳನ್ನು ತಯಾರಿಸಿಕೊಡುವ ಆಟೋಮೇಕ್ ಬಳಸುವ ಪ್ರಾಜೆಕ್ಟ್‌ಗಳಿಗೆ ಅದು ತಾನಾಗಿ ಬರುತ್ತದೆ, ಟೆಸರಾಕ್ಟ್‌ಗೂ ಇದೆ. ಹೆದರಿಕೆ ಇದ್ದರೆ ಮೊದಲು ‘ಮೇಕ್ -ಎನ್ ಅನ್‌ಇನ್‌ಸ್ಟಾಲ್’ ಕೊಡಿ. ಏನನ್ನೂ ಮುಟ್ಟದೆ, ಏನೇನು ಮಾಡುತ್ತಿದ್ದೆ ಅಂತ ಮಾತ್ರ ಹೇಳುತ್ತದೆ. ನಾನು ಯಾವಾಗಲೂ ಇದನ್ನು ಮೊದಲು ಓಡಿಸುತ್ತೇನೆ.

ಇಲ್ಲೊಂದು ಹಳ್ಳ ಇದೆ. ಮೇಕ್‌ಗೆ ಹಳೆಯದು ಯಾವುದೂ ನೆನಪಿಲ್ಲ. ಈಗ ಆ ಫೋಲ್ಡರ್‌ನಲ್ಲಿರುವ ಮೇಕ್‌ಫೈಲ್ ಏನು ಹೇಳುತ್ತದೋ ಅದನ್ನೇ ಅಳಿಸುತ್ತದೆ. ಹೊಸ ಆವೃತ್ತಿಗೆ ಅಂತ ‘ಗಿಟ್ ಪುಲ್’ ಮಾಡಿ ಮತ್ತೆ ಕಾನ್ಫಿಗರ್ ಮಾಡಿ ಆಮೇಲೆ ಅನ್‌ಇನ್‌ಸ್ಟಾಲ್ ಅಂದರೆ ಹೊಸ ಪಟ್ಟಿ ಹಿಡಿದು ಹಳೆಯ ಮನೆ ಖಾಲಿ ಮಾಡಿದ ಹಾಗೆ. ಹಳೆಯ ಆವೃತ್ತಿಯಲ್ಲಿ ಮಾತ್ರ ಇದ್ದ ಫೈಲುಗಳು ಅನಾಥವಾಗಿ ಉಳಿಯುತ್ತವೆ. ಮೊದಲು ಅನ್‌ಇನ್‌ಸ್ಟಾಲ್, ಆಮೇಲೆ ಗಿಟ್ ಪುಲ್. ಪ್ರಿಫಿಕ್ಸ್ ಬದಲಾಗಿದ್ದರೂ ಇದೇ ಗೋಳು, ಸಾಮಾನು ಇಲ್ಲದ ಜಾಗದಲ್ಲಿ ಹುಡುಕಿ ಮುಗೀತು ಅನ್ನುತ್ತದೆ. ಪ್ರಿಫಿಕ್ಸ್ ಅಂದರೆ ಯಾವ ಫೋಲ್ಡರ್ ಅಡಿಯಲ್ಲಿ ಹಾಕಬೇಕು ಅಂತ ಕಾನ್ಫಿಗರ್‌ಗೆ ಕೊಡುವ ಆಯ್ಕೆ.

ಎಲ್ಲರೂ ಅನ್‌ಇನ್‌ಸ್ಟಾಲ್ ಕೊಡುವುದಿಲ್ಲ. ಪೈಥಾನ್‌ಗೆ ಇಲ್ಲ, ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್‌ಗೂ ಇಲ್ಲ. ಆಟೋಮೇಕ್ ಬದಲು ಸಿಮೇಕ್ ಬಳಸುವ ಪ್ರಾಜೆಕ್ಟ್‌ಗಳಿಗೂ ಅದು ತಾನಾಗಿ ಬರುವುದಿಲ್ಲ. ಆದರೆ ಸಿಮೇಕ್ ಒಂದು ಉಪಕಾರ ಮಾಡುತ್ತದೆ, ಬಿಲ್ಡ್ ಫೋಲ್ಡರ್‌ನಲ್ಲಿ ‘ಇನ್‌ಸ್ಟಾಲ್_ಮ್ಯಾನಿಫೆಸ್ಟ್.ಟಿಎಕ್ಸ್‌ಟಿ’ ಅಂತ ಒಂದು ಪಟ್ಟಿ ಬರೆದಿಡುತ್ತದೆ. ಅದರಲ್ಲಿರೋ ಸಾಲುಗಳನ್ನು ಅಳಿಸಿದರೆ ಆಯ್ತು. ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರೆ ಆ ಪಟ್ಟಿ ಹೊಸದಾಗಿಬಿಡುತ್ತದೆ, ಅದಕ್ಕೇ ಇನ್‌ಸ್ಟಾಲ್ ಆದ ಕೂಡಲೇ ಅದರ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಮೆಸನ್ ಅನ್ನೋ ಇಂಥದೇ ಇನ್ನೊಂದು ಸಾಧನ ಇದ್ದರೆ ‘ನಿಂಜಾ ಅನ್‌ಇನ್‌ಸ್ಟಾಲ್’ ಕೆಲಸ ಮಾಡುತ್ತದೆ.

ನನ್ನ ಹತ್ತಿರ ಆ ಫೋಲ್ಡರೇ ಇರಲಿಲ್ಲ. ಡಿಸ್ಕ್‌ನಲ್ಲಿ ಜಾಗ ಸಾಲದು ಅಂತ ಹಿಂದೊಮ್ಮೆ ನಾನೇ ಅಳಿಸಿದ್ದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯ್ತು. ಆದರೂ ದಾರಿ ಇದೆ. ಅದೇ ಆವೃತ್ತಿಯ ಸೋರ್ಸ್ ಮತ್ತೆ ಇಳಿಸಿಕೊಳ್ಳಿ, ಅದೇ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿ. ಆದರೆ ಇನ್‌ಸ್ಟಾಲ್ ಮಾಡೋದು ಒಂದು ಖಾಲಿ ಫೋಲ್ಡರಿಗೆ. ಅಲ್ಲಿ ಬಂದು ಬೀಳುವ ಫೈಲುಗಳೇ ನಿಮಗೆ ಬೇಕಾದ ಪಟ್ಟಿ.

ಇದಕ್ಕೆ ಬೇಕಾದದ್ದು ಡೆಸ್ಟ್‌ಡಿರ್ ಅನ್ನೋ ಚರ, ದೊಡ್ಡಕ್ಷರಗಳಲ್ಲಿ ಬರೆಯಬೇಕು. ‘ಮೇಕ್ ಡೆಸ್ಟ್‌ಡಿರ್=/ಟಿಎಂಪಿ/ಪಟ್ಟಿ ಇನ್‌ಸ್ಟಾಲ್’ ಅಂದರೆ ಲೋಕಲ್‌ಗೆ ಹೋಗಬೇಕಾದದ್ದೆಲ್ಲ ‘ಪಟ್ಟಿ’ ಫೋಲ್ಡರ್‌ನೊಳಗೆ ಅದೇ ರಚನೆಯಲ್ಲಿ ಇಳಿಯುತ್ತದೆ. ಸುಡೊ ಕೂಡ ಬೇಡ. ಪ್ರಿಫಿಕ್ಸ್ ಬದಲಿಸಿದರೂ ಇದೇ ಆಗುತ್ತದಲ್ಲ ಅಂತ ಅನ್ನಿಸಬಹುದು. ಆಗೋದಿಲ್ಲ. ಪ್ರಿಫಿಕ್ಸ್ ಪ್ರೋಗ್ರಾಮ್‌ನ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಭಾಷೆಯ ಫೈಲುಗಳನ್ನು ಎಲ್ಲಿ ಹುಡುಕಬೇಕು ಅಂತ ಟೆಸರಾಕ್ಟ್ ಕಂಪೈಲ್ ಆಗುವಾಗಲೇ ಬರೆದುಕೊಂಡಿರುತ್ತದೆ. ಡೆಸ್ಟ್‌ಡಿರ್ ಕಾಪಿ ಮಾಡುವ ಹೊತ್ತಿನಲ್ಲಿ ಮಾತ್ರ ವಿಳಾಸದ ಮುಂದೆ ಅಂಟಿಕೊಳ್ಳುತ್ತದೆ. ಪ್ಯಾಕೇಜ್ ಕಟ್ಟುವವರೆಲ್ಲ ದಿನಾ ಬಳಸುವ ಉಪಾಯ ಇದು.

ಪಟ್ಟಿ ತೆಗೆಯುವಾಗ ಒಂದು ವಿಷಯ ಗಮನಿಸಿ. ಫೈಂಡ್ ಕಮಾಂಡ್‌ಗೆ ‘-ಟೈಪ್ ಎಫ್’ ಅಂತ ಕೊಟ್ಟರೆ ನಿಜವಾದ ಫೈಲುಗಳು ಮಾತ್ರ ಬರುತ್ತವೆ, ಸಿಂಬಾಲಿಕ್ ಲಿಂಕ್‌ಗಳು (ಬೇರೆ ಫೈಲ್ ಕಡೆ ಕೈ ತೋರಿಸುವ ಹೆಸರುಗಳು) ಬರುವುದಿಲ್ಲ. ಲಿಬ್‌ಟೆಸರಾಕ್ಟ್.ಎಸ್‌ಒ.5 ಸ್ವತಃ ಒಂದು ಲಿಂಕ್. ಅದು ಉಳಿದರೆ ಗೋರಿ ಹೋಗಿ ಹೆಸರಿನ ಕಲ್ಲು ಉಳಿದ ಹಾಗೆ. ‘ಫೋಲ್ಡರ್ ಅಲ್ಲದ್ದೆಲ್ಲ’ ಅಂತ ಕೇಳಬೇಕು. ನನಗೆ ಬಂದ ಪಟ್ಟಿಯಲ್ಲಿ ಪ್ರೋಗ್ರಾಮ್, ಲೈಬ್ರರಿ ಮತ್ತದರ ಲಿಂಕ್‌ಗಳು, ಹೆಡರ್‌ಗಳು, ಪಿಕೆಜಿ-ಕಾನ್ಫಿಗ್‌ನ ಒಂದು ಫೈಲ್, ಟೆಸ್‌ಡೇಟಾ ಫೋಲ್ಡರ್‌ನ ಕಾನ್ಫಿಗ್‌ಗಳು ಇದ್ದವು. ಹೆಡರ್‌ಗಳು ಅಷ್ಟೇನೂ ಮುಖ್ಯವಲ್ಲ ಅನ್ನಿಸಬಹುದು. ಆದರೆ ನಾಳೆ ಬೇರೆ ಯಾವುದೋ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ಕಂಪೈಲರ್ ಲೋಕಲ್‌ನ ಹಳೆಯ ಹೆಡರನ್ನು ಓದಿ, ಲಿಂಕ್ ಆಗುವಾಗ ಹೊಸ ಲೈಬ್ರರಿ ಸಿಕ್ಕರೆ? ಆ ತಪ್ಪನ್ನು ಹುಡುಕಿ ಸುಸ್ತಾದವರಿಗೆ ಗೊತ್ತು.

ಪಟ್ಟಿಯನ್ನು ಕಣ್ಣಾರೆ ಓದಿ. ಆಮೇಲೆ ಅಳಿಸಿ. ಕೊನೆಗೆ ಖಾಲಿ ಫೋಲ್ಡರ್‌ಗಳಿಗೆ ಆರ್‌ಎಂಡಿಐಆರ್ ಬಳಸಿ, ಆರ್‌ಎಂ -ಆರ್‌ಎಫ್ ಬೇಡ. ಆರ್‌ಎಂಡಿಐಆರ್ ಒಳಗೆ ಏನಾದರೂ ಇದ್ದರೆ ಮುಟ್ಟುವುದಿಲ್ಲ. ಅದು ಹಟ ಹಿಡಿದರೆ ಒಳಗೆ ಯಾರದೋ ಸಾಮಾನು ಇದೆ ಅಂತ ಅರ್ಥ.

‘ಲೋಕಲ್ ಪೂರ್ತಿ ನನ್ನದೇ ತಾನೆ, ಇಡೀ ಫೋಲ್ಡರ್ ಅಳಿಸಿಬಿಡ್ತೀನಿ’ ಅನ್ನುವವರೂ ಇದ್ದಾರೆ. ಬೇಡ. ಉಬುಂಟುವಿನಲ್ಲಿ ಸುಡೊ ಹಾಕಿ ಪಿಪ್‌ನಿಂದ ಇಳಿಸಿದ ಪೈಥಾನ್ ಪ್ಯಾಕೇಜುಗಳೂ ಅಲ್ಲೇ ಇರುತ್ತವೆ. ನೀವೇ ಬರೆದಿಟ್ಟು ಮರೆತ ನಾಲ್ಕು ಸ್ಕ್ರಿಪ್ಟ್‌ಗಳೂ ಇರಬಹುದು.

ಆವೃತ್ತಿ ಯಾವುದು ಅಂತಲೇ ನೆನಪಿಲ್ಲದಿದ್ದರೆ? ಆಗ ಸಮಯ ನೋಡಿ ಹುಡುಕಬೇಕು. ಒಂದೇ ಇನ್‌ಸ್ಟಾಲ್‌ನಲ್ಲಿ ಬಂದ ಫೈಲುಗಳು ಸುಮಾರು ಒಂದೇ ನಿಮಿಷದಲ್ಲಿ ಬಂದಿರುತ್ತವೆ. ಆದರೆ ನೋಡಬೇಕಾದ್ದು ಎಂಟೈಮ್ ಅಲ್ಲ, ಸಿಟೈಮ್. ಎಂಟೈಮ್ ಅಂದರೆ ಒಳಗಿನ ವಿಷಯ ಬದಲಾದ ಹೊತ್ತು, ಕಾಪಿ ಮಾಡುವಾಗ ಅದನ್ನು ಹಳೆಯದರಂತೆಯೇ ಉಳಿಸಿಕೊಳ್ಳಬಹುದು. ಸಿಟೈಮ್ ಅನ್ನು ಹಾಗೆ ಉಳಿಸಿಕೊಳ್ಳಲು ಬರುವುದಿಲ್ಲ, ಆಮೇಲೆ ಯಾರೂ ಫೈಲನ್ನು ಬದಲಿಸದಿದ್ದರೆ ಅದು ಆ ಜಾಗಕ್ಕೆ ಬಂದ ಹೊತ್ತೇ ಅಲ್ಲಿ ದಾಖಲಾಗಿರುತ್ತದೆ. ಮುಂದೆ ಇನ್‌ಸ್ಟಾಲ್ ಮಾಡುವ ಮುಂಚೆ ‘ಟಚ್’ ಕೊಟ್ಟು ಒಂದು ಗುರುತಿನ ಫೈಲ್ ಮಾಡಿಟ್ಟರೆ, ಆಮೇಲೆ ಫೈಂಡ್‌ಗೆ ‘-ಸಿನ್ಯೂಯರ್’ ಕೊಟ್ಟು ಅದಕ್ಕಿಂತ ಈಚೆಗೆ ಬಂದದ್ದನ್ನೆಲ್ಲ ಹಿಡಿಯಬಹುದು.

ಪ್ರಿಫಿಕ್ಸ್ ಅನ್ನು ಲೋಕಲ್ ಬದಲು ನೇರ /ಯುಎಸ್‌ಆರ್ ಅಂತ ಕೊಟ್ಟು ಆಪ್ಟ್‌ನ ಫೈಲುಗಳ ಮೇಲೇ ಬರೆದುಬಿಟ್ಟಿದ್ದರೆ ಕಥೆ ಬೇರೆ. ಅಲ್ಲಿ ಮೇಕ್ ಅನ್‌ಇನ್‌ಸ್ಟಾಲ್ ಅಂದರೆ ಆಪ್ಟ್‌ನ ಫೈಲುಗಳೂ ಹೋಗುತ್ತವೆ. ಮೊದಲು ಅದನ್ನು ಮಾಡಿ, ಆಮೇಲೆ ಆ ಪ್ಯಾಕೇಜನ್ನು ‘ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್’ ಮಾಡಿ. ‘ಡಿಪಿಕೆಜಿ --ವೆರಿಫೈ’ ಓಡಿಸಿದರೆ ಇನ್ನೂ ಯಾವ ಫೈಲ್ ಪಟ್ಟಿಗೆ ಹೊಂದುತ್ತಿಲ್ಲ ಅಂತ ಹೇಳುತ್ತದೆ.

ಇನ್ನು ಅಪ್‌ಗ್ರೇಡ್. ಹಳೆಯದರ ಮೇಲೇ ಹೊಸದನ್ನು ಮೇಕ್ ಇನ್‌ಸ್ಟಾಲ್ ಮಾಡೋದು ಎಲ್ಲರ ಅಭ್ಯಾಸ. ಎಷ್ಟೋ ಸಲ ಏನೂ ಆಗುವುದಿಲ್ಲ, ನಿಜ. ಆದರೆ ಹೊಸ ಆವೃತ್ತಿಯಲ್ಲಿ ಕೈಬಿಟ್ಟ ಫೈಲುಗಳು ಹಾಗೇ ಉಳಿಯುತ್ತವೆ. ಪ್ಲಗಿನ್ ಫೋಲ್ಡರ್ ಇರುವ ಪ್ರೋಗ್ರಾಮ್ ಆದರೆ ಹಳೆಯ ಪ್ಲಗಿನ್‌ಗಳನ್ನೂ ಎತ್ತಿಕೊಂಡು ಮುಗ್ಗರಿಸುತ್ತದೆ. ಹಿಂದೆ ಬರಬೇಕು ಅಂದರೆ ದಾರಿಯೂ ಇಲ್ಲ. ಎಂಜಿನ್‌ಎಕ್ಸ್ ಈ ವಿಷಯದಲ್ಲಿ ಜಾಣ. ಹಳೆಯ ಪ್ರೋಗ್ರಾಮನ್ನು ‘ಎಂಜಿನ್‌ಎಕ್ಸ್.ಓಲ್ಡ್’ ಅಂತ ಪಕ್ಕಕ್ಕಿಟ್ಟು ಹೊಸದನ್ನು ಹಾಕುತ್ತದೆ, ನೀವು ತಿದ್ದಿದ ಕಾನ್ಫಿಗ್ ಫೈಲನ್ನು ಮುಟ್ಟುವುದಿಲ್ಲ. ಪೈಥಾನ್‌ನಲ್ಲಿ ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಇದೆ, ‘ಪೈಥಾನ್3’ ಅನ್ನೋ ಹೆಸರನ್ನು ಕಿತ್ತುಕೊಳ್ಳದೆ ಆವೃತ್ತಿ ಸಂಖ್ಯೆಯ ಹೆಸರಲ್ಲಿ ಕೂರುತ್ತದೆ.

ಹಳೆಯದನ್ನು ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದೆ ಅನ್ನೋದು ಆರು ತಿಂಗಳ ಮೇಲೆ ಯಾರಿಗೆ ನೆನಪಿರುತ್ತದೆ? ಬಿಲ್ಡ್ ಫೋಲ್ಡರ್ ಇದ್ದರೆ ‘ಕಾನ್ಫಿಗ್.ಲಾಗ್’ ಶುರುವಿನಲ್ಲೇ ನೀವು ಕೊಟ್ಟ ಪೂರ್ತಿ ಕಮಾಂಡ್ ಇರುತ್ತದೆ. ಎಂಜಿನ್‌ಎಕ್ಸ್‌ಗೆ ದೊಡ್ಡಕ್ಷರದ ‘-ವಿ’ ಕೊಟ್ಟರೆ ತಾನೇ ಹೇಳುತ್ತದೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಅಂತೂ ಪ್ರತಿ ಸಲ ಓಡುವಾಗಲೂ ಕೇಳದೆಯೇ ಒದರುತ್ತದೆ.

ನನ್ನ ಪ್ರಕಾರ ಸರಿಯಾದ ದಾರಿ ಎಂದರೆ ಪಾತ್ರೆಗಳನ್ನು ಬೆರೆಸಲೇಬಾರದು. ಗ್ನೂ ಸ್ಟೋ ಅಂತ ಒಂದು ಪುಟ್ಟ ಪರ್ಲ್ ಪ್ರೋಗ್ರಾಮ್ ಇದೆ. ಟೆಸರಾಕ್ಟ್ 5.3.0ಕ್ಕೆ ಲೋಕಲ್ ಒಳಗಿನ ‘ಸ್ಟೋ/ಟೆಸರಾಕ್ಟ್-5.3.0’ ಅಂತ ಬೇರೆಯೇ ಫೋಲ್ಡರ್ ಪ್ರಿಫಿಕ್ಸ್ ಆಗಿ ಕೊಡಿ. ಎಲ್ಲ ಫೈಲೂ ಅಲ್ಲೇ ಇರುತ್ತವೆ. ಆಮೇಲೆ ಸ್ಟೋ ಫೋಲ್ಡರ್‌ಗೆ ಹೋಗಿ ‘ಸ್ಟೋ ಟೆಸರಾಕ್ಟ್-5.3.0’ ಅಂದರೆ ಲೋಕಲ್‌ನ ಬಿನ್, ಲಿಬ್, ಶೇರ್‌ಗಳಲ್ಲಿ ಲಿಂಕ್‌ಗಳನ್ನು ಮಾತ್ರ ಇಡುತ್ತದೆ. ದೊಡ್ಡಕ್ಷರದ ‘-ಡಿ’ ಕೊಟ್ಟರೆ ಆ ಲಿಂಕ್‌ಗಳನ್ನು ಕಿತ್ತುಕೊಳ್ಳುತ್ತದೆ. ಹೊಸ ಆವೃತ್ತಿ ಬಂತಾ? ಹಳೆಯದಕ್ಕೆ -ಡಿ, ಹೊಸದಕ್ಕೆ ಸ್ಟೋ. ಇಷ್ಟವಾಗಲಿಲ್ಲವಾ? ಉಲ್ಟಾ ಮಾಡಿ. ಪೂರ್ತಿ ಬೇಡವಾದರೆ -ಡಿ ಕೊಟ್ಟು ಆ ಒಂದು ಫೋಲ್ಡರ್ ಅಳಿಸಿದರೆ ಮುಗೀತು. ಒಂದು ಲಿಂಕ್ ಎಲ್ಲಿಗೆ ತೋರಿಸುತ್ತಿದೆ ಅಂತ ನೋಡಿದರೆ ಅದು ಯಾರ ಮನೆಯ ಪಾತ್ರೆ ಅಂತ ಗೊತ್ತಾಗುತ್ತದೆ. ಬೇರೆ ಯಾರದೋ ಫೈಲ್ ಅಡ್ಡ ಬಂದರೆ ಸ್ಟೋ ಅದರ ಮೇಲೆ ಬರೆಯುವುದಿಲ್ಲ, ನಿಂತು ಹೇಳುತ್ತದೆ. ಲೈಬ್ರರಿ ಇರುವ ಪ್ಯಾಕೇಜ್ ಆದರೆ ಪ್ರತಿ ಬದಲಾವಣೆ ಆದ ಮೇಲೆ, ಲೋಡರ್‌ನ ಲೈಬ್ರರಿ ಪಟ್ಟಿಯನ್ನು ಹೊಸದು ಮಾಡುವ ‘ಸುಡೊ ಎಲ್‌ಡಿಕಾನ್ಫಿಗ್’ ಮರೆಯಬೇಡಿ. ಮ್ಯಾಕ್‌ನಲ್ಲಿ ಹೋಂಬ್ರೂ ಬಳಸುವವರು ಸೆಲ್ಲಾರ್ ಅನ್ನೋ ಫೋಲ್ಡರ್ ನೋಡಿರುತ್ತೀರಿ, ಅಲ್ಲೂ ಇದೇ ಲಿಂಕ್ ಆಟ.

ಚೆಕ್‌ಇನ್‌ಸ್ಟಾಲ್ ಅಂತ ಇನ್ನೊಂದು ಹಳೆಯ ಸಾಧನ ಇದೆ. ಮೇಕ್ ಇನ್‌ಸ್ಟಾಲ್ ಎಲ್ಲೆಲ್ಲಿ ಬರೆಯುತ್ತದೆ ಅಂತ ಕಾದು ನೋಡಿ ಒಂದು ಡೆಬ್ ಪ್ಯಾಕೇಜ್ ಮಾಡಿಕೊಡುತ್ತದೆ. ಆಮೇಲೆ ಆಪ್ಟ್‌ನಿಂದಲೇ ತೆಗೆಯಬಹುದು. ನಿಮ್ಮದೇ ಯಂತ್ರಕ್ಕೆ ಸಾಕು, ಬೇರೆಯವರಿಗೆ ಹಂಚೋಕೆ ಅಂತೂ ಅಲ್ಲ.

ನನ್ನ ಕಥೆಗೆ ಮರಳಿದರೆ, 5.3.0 ಮತ್ತೆ ಇಳಿಸಿ ಡೆಸ್ಟ್‌ಡಿರ್ ದಾರಿಯಲ್ಲಿ ಪಟ್ಟಿ ತೆಗೆದೆ, ಓದಿದೆ, ಅಳಿಸಿದೆ. ಆರ್‌ಎಂಡಿಐಆರ್ ಟೆಸ್‌ಡೇಟಾ ಫೋಲ್ಡರ್ ಹತ್ತಿರ ಹಟ ಹಿಡಿಯಿತು, ‘ಖಾಲಿ ಇಲ್ಲ’ ಅಂತ. ಒಳಗೆ ನೋಡಿದರೆ ‘ಕ್ಯಾನ್.ಟ್ರೈನ್ಡ್‌ಡೇಟಾ’. ಕನ್ನಡದ ಫೈಲ್. ‘ಬೆಸ್ಟ್’ ಮಾದರಿಯದನ್ನು ಬೇರೆಯಾಗಿ ಇಳಿಸಿ ನಾನೇ ಕೈಯಾರೆ ಹಾಕಿದ್ದೆ, ಹಾಗಾಗಿ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಆರ್‌ಎಂ -ಆರ್‌ಎಫ್ ಕೊಟ್ಟಿದ್ದರೆ ಅದೂ ಹೋಗುತ್ತಿತ್ತು. ಆಪ್ಟ್‌ನಲ್ಲಿ ಸಿಗುವ ಕನ್ನಡ ಪ್ಯಾಕೇಜ್ ‘ಫಾಸ್ಟ್’ ಮಾದರಿಯದು, ಬೇರೆ. ನನ್ನದನ್ನು ಹೋಮ್ ಫೋಲ್ಡರ್‌ಗೆ ಸಾಗಿಸಿದೆ. ಟೆಸರಾಕ್ಟ್ ಓಡಿಸುವಾಗ ‘--ಟೆಸ್‌ಡೇಟಾ-ಡಿರ್’ ಅಂತ ಆ ಜಾಗ ತೋರಿಸಿದರೆ ಸಾಕು, ಇನ್ನು ಆವೃತ್ತಿ ಯಾವುದು ಬಂದು ಹೋದರೂ ಅದು ಅಲ್ಲೇ ಇರುತ್ತದೆ.

ಸುಡೊ ಎಲ್‌ಡಿಕಾನ್ಫಿಗ್. ಹ್ಯಾಶ್ -ಆರ್. ಎಲ್‌ಡಿಡಿ ಓಡಿಸಿ ನೋಡಿದೆ, ಲೋಕಲ್‌ನ ಹೆಸರು ಎಲ್ಲೂ ಇಲ್ಲ. ‘ಟೆಸರಾಕ್ಟ್ --ವರ್ಷನ್’ ಕೇಳಿದೆ. 5.3.4 ಅಂದಿತು.